ವಿಮಾನದ ಬಯಲಿಗೆ ಅಪ್ಪ ಹಾಕಿದ ಗೊಬ್ಬರ

ನಾನು ಬಿ.ಎ. ಆಗುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಹಿರಿಯೂರು ತಾಲ್ಲೂಕಿನ ನಮ್ಮ ಕುರಿಗಾಹಿ ಹಟ್ಟಿಯಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಆ ಹಟ್ಟಿಯಿಂದ ಕಾಲೇಜಿಗೆ ಹೋದವನು ನಾನೊಬ್ಬನೇ. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು, ಇಂಗ್ಲಿಷಿನಲ್ಲಿ ಮಾತ್ರ ಮೂರು ಸಲ ಫೇಲಾಗಿದ್ದೆ. ಮೂರನೆಯ ಫಲಿತಾಂಶ ಬಂದ ಜೂನ್ ತಿಂಗಳಲ್ಲಿ ಮಾವ ಅಪ್ಪನ ಎದುರು ಕೂತು ತೀರ್ಮಾನ ಹೇಳಿದರು.

“ಭಾವ, ನಿನ್ ಮಗ ಪ್ಯಾಟೇಲಿ ಕಲ್ತಿದ್ದು ಪ್ಯಾಂಟು ಹಾಕ್ಕಳದು ಒಂದೇ. ಇವನು ಬಿ.ಎ. ಆಗಲ್ಲ, ಬೇಕಾದ್ರೆ ಬರೆಸಿಟ್ಕ. ಅಕ್ಟೋಬರ್ ಪರೀಕ್ಷೆ ಒಂದು ನೋಡು. ಆಗ್ಲಿಲ್ವಾ, ಕೈಗೆ ಕೋಲು ಕೊಟ್ಟು ಮಂದೆ ಹಿಂದೆ ಅಟ್ಟು.”

“ಆಗ್ಲಿ,” ಎಂದ ಅಪ್ಪ. ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆ ವರ್ಷ ಅಪ್ಪನ ಮಂದೆ ದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯ ಒಂದು ಬಯಲಿನಲ್ಲಿತ್ತು. ಬಯಲು ಒಬ್ಬ ಗಣಿ ಮಾಲೀಕರದು. ಅವರ ಗಣಿ ಹೊಸದುರ್ಗದ ಗುಡ್ಡಗಳಲ್ಲಿ, ಮನೆ ಬೆಂಗಳೂರಿನಲ್ಲಿ. ಮಂಗಳವಾರ, ಶುಕ್ರವಾರ ತಮ್ಮ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದು ಆ ಬಯಲಿನಲ್ಲಿ ಇಳಿದು, ಅಲ್ಲಿಂದ ಜೀಪಿನಲ್ಲಿ ಗಣಿಗೆ ಹೋಗುತ್ತಿದ್ದರು. ಎಪ್ಪತ್ತರ ದಶಕದ ನಡುವಿನ ಮಾತು ಇದು. ನಮ್ಮ ಕಡೆ ಬಸ್ಸು ಕೆಟ್ಟು ನಿಂತರೂ ಜನ ಸುತ್ತ ನೆರೆಯುತ್ತಿದ್ದ ಕಾಲ. ವಿಮಾನ ಇಳಿಯುವ ಜಾಗದ ಹುಲ್ಲನ್ನು ಕುರಿಗೆ ಮೇಯಿಸಿ ಗಿಡ್ಡವಾಗಿಡುವುದು, ಅದು ಬರುವ ಹೊತ್ತಿಗೆ ಕುರಿ, ದನ, ಜನ ಯಾವುದೂ ಅಲ್ಲಿರದಂತೆ ನೋಡಿಕೊಳ್ಳುವುದು ಅಪ್ಪನ ಕೆಲಸ. ಅಪ್ಪ ಅವರನ್ನು ‘ಧಣಿ’ ಎನ್ನುತ್ತಿದ್ದ. ನನಗೂ ಅದೇ ಬಾಯಿಗೆ ಬಂತು.

ನಾನೂ ಅಪ್ಪನ ಜೊತೆ ಅಲ್ಲಿದ್ದೆ. ನನಗೆ ಟೈಪಿಂಗ್ ಬರುತ್ತದೆಂದು ಅಪ್ಪ ಒಂದು ದಿನ ಧಣಿಗೆ ಅಳುಕುತ್ತಲೇ ಹೇಳಿದ. ಬಯಲಿನ ಅಂಚಿನ ತಗಡಿನ ಶೆಡ್ಡಿನಲ್ಲಿ ಒಂದು ಟೈಪ್‌ರೈಟರ್ ಇತ್ತು. ಧಣಿ ನನ್ನನ್ನು ಅಲ್ಲಿ ಕೂರಿಸಿ, ಕನ್ನಡದಲ್ಲಿ ವಿಷಯ ಹೇಳಿ, ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿದರು. ಓದಿ ನೋಡಿ, ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದರು.

“ಏನಪ್ಪ, ಇದರಲ್ಲಿ ನಿನ್ನೆ ಹೊರಟ ಲಾರಿ ನಾಳೆ ಬಂದುಬಿಟ್ಟಿದೆ. ಹೀಗೆ ಬರೆದು ಮೂರೇ ಸಲ ಫೇಲಾಗಿದೀಯಲ್ಲ, ಪುಣ್ಯವಂತ.”

ಬೈಯಲಿಲ್ಲ. ತಪ್ಪನ್ನೆಲ್ಲ ತಿದ್ದಿ, ಯಾಕೆ ತಪ್ಪು ಎಂದು ಹೇಳಿ, ಇನ್ನೊಮ್ಮೆ ಹೊಡೆಯಲು ಹೇಳಿದರು. ಮುಂದೆ ಪ್ರತಿ ಸಲವೂ ಅದೇ ನಡೆಯಿತು. ಇಳಿದ ತಕ್ಷಣ ಅರ್ಧ ಗಂಟೆ, ಹೊರಡುವ ಮುಂಚೆ ಅರ್ಧ ಗಂಟೆ. ಕಾಲೇಜಿನಲ್ಲಿ ನೂರು ಜನರ ಹಿಂದಿನ ಬೆಂಚಿನಲ್ಲಿ ಕೂತು ತಿಳಿಯದ್ದು ಈ ಶೆಡ್ಡಿನಲ್ಲಿ ಸ್ವಲ್ಪಸ್ವಲ್ಪವೇ ತಿಳಿಯತೊಡಗಿತು. ನನಗೆ ಬೇರೆ ಮೇಷ್ಟ್ರಿರಲಿಲ್ಲ. ಅಕ್ಟೋಬರ್‌ವರೆಗೆ ಈ ಮನುಷ್ಯ ಬರುತ್ತಿದ್ದರೆ ನಾನು ಪಾಸು, ಇಲ್ಲವಾದರೆ ಮಂದೆ. ಲೆಕ್ಕ ಅಷ್ಟು ಸರಳವಾಗಿತ್ತು.

ಜುಲೈ ಮೊದಲ ವಾರ ಧಣಿ ಒಂದು ದಪ್ಪ ಲಕೋಟೆ ತಂದರು. ಅವರ ವಿಮಾನವನ್ನು ತಯಾರಿಸಿದ ಪರದೇಶದ ಕಂಪನಿ, ಈಗ ಒಂದು ಪುಟ್ಟ ಜೆಟ್ ವಿಮಾನ ಮಾಡುವ ಯೋಚನೆಯಲ್ಲಿತ್ತಂತೆ. ತಮ್ಮ ವಿಮಾನವನ್ನು ತಾವೇ ಹಾರಿಸುವ ಮಾಲೀಕರಿಗೆಲ್ಲ ಪ್ರಶ್ನೆಗಳ ಹಾಳೆ ಕಳಿಸಿ, ನಿಮಗೆ ಏನೇನು ಸುಧಾರಣೆ ಬೇಕು ಎಂದು ಕೇಳಿತ್ತು.

“ನೀವು ಜೆಟ್ ತಗೋತೀರಾ ಸಾರ್?” ಎಂದೆ.

“ಸರ್ಕಾರ ಹೊರದೇಶದಿಂದ ಒಂದು ಟೈರು ತರಿಸಿಕೊಳ್ಳೋಕೆ ಬಿಡಲ್ಲ, ಜೆಟ್ ಬಿಡುತ್ತಾ? ಈ ಜನ್ಮದಲ್ಲಿಲ್ಲ. ಆದರೆ ಮರ್ಯಾದೆಯಿಂದ ಕೇಳಿದಾರಲ್ಲ, ಹೇಳಬೇಕು. ನಿನಗೂ ಅಭ್ಯಾಸವಾಗುತ್ತೆ. ಟೈಪ್‌ರೈಟರಿಗೆ ಹಾಳೆ ಸೇರಿಸು.”

ಆ ಒಂದು ಹಾಳೆಗೆ ನಾವು ನಾಲ್ಕು ಭೇಟಿ ತೆಗೆದುಕೊಂಡರೂ ಅದು ಪೂರ್ತಿ ಮುಗಿಯಲಿಲ್ಲ. ಧಣಿ ವಿಮಾನದ ರೆಕ್ಕೆಯ ನೆರಳಿನಲ್ಲಿ ಮಡಚುಕುರ್ಚಿ ಹಾಕಿಕೊಂಡು, ಮೊದಲು ಕನ್ನಡದಲ್ಲಿ ಹೇಳುವರು. ನಾನು ಇಂಗ್ಲಿಷಿನಲ್ಲಿ ಬರೆಯಬೇಕು. ಆಮೇಲೆ ಕೆಂಪು ಪೆನ್ಸಿಲ್.

ಎಂಜಿನ್ ಎತ್ತರದಲ್ಲಿ, ಬಾಲದ ಹತ್ತಿರ ಇರಬೇಕು ಎಂಬುದು ಮೊದಲನೆಯದು. “ಜೆಟ್ ಅಂದರೆ ಮುಂದಿನಿಂದ ಗಾಳಿ ನುಂಗಿ ಹಿಂದಿನಿಂದ ಉಗುಳೋದು. ನಮ್ಮ ಬಯಲಲ್ಲಿ ಅದು ಗಾಳಿ ಜೊತೆ ಹರಳು, ಕುರಿ ಹಿಕ್ಕೆ ಎಲ್ಲ ನುಂಗುತ್ತೆ. ಅವರಿಗೆ ಸಿಮೆಂಟಿನ ನೆಲ ಬಿಟ್ಟು ಬೇರೆ ಗೊತ್ತಿಲ್ಲ.” ಚಕ್ರ ದೊಡ್ಡದಿರಬೇಕು. ಮೆಲ್ಲಗೆ ಬಂದು ಚಿಕ್ಕ ಜಾಗದಲ್ಲಿ ನಿಲ್ಲಬೇಕು. ಹಾರಿಸುವವನು ಒಬ್ಬನೇ ಇರುವುದರಿಂದ ಎಲ್ಲ ಗುಂಡಿಗಳೂ ಒಂದೇ ಕೈಗೆ ಸಿಗಬೇಕು. ನಕ್ಷೆ ಬಿಚ್ಚಿದರೆ ಅದನ್ನು ಹಿಡಿದುಕೊಳ್ಳಲು ಏನಾದರೂ ಇರಬೇಕು. ಬಿಸಿಲಲ್ಲಿ ಎರಡು ಗಂಟೆ ನಿಂತ ವಿಮಾನದೊಳಗೆ ಕೂರುವುದು ಹೆಂಚಿನ ಮೇಲೆ ಕೂತ ಹಾಗಾಗುತ್ತದೆ; ನೆಲದ ಮೇಲಿದ್ದಾಗಲೂ ಒಳಗೆ ತಂಪು ಬೇಕು. ಬಾಗಿಲನ್ನು ಒಳಗಿನಿಂದ ಒಬ್ಬನೇ ಎಳೆದು ಹಾಕುವಂತಿರಬೇಕು. ವಿಮಾನದ ಜೊತೆಗೆ ಒಂದು ಚಿಕ್ಕ ರೇಡಿಯೋ ಕೊಡಬೇಕು, ನೆಲ ಕಾಯುವವನ ಕೈಯಲ್ಲಿರಲು.

ಒಂದು ಉತ್ತರ ಹೇಳಲು ಧಣಿ ಸ್ವಲ್ಪ ಹಿಂದೆ ಮುಂದೆ ನೋಡಿದರು. “ಬೊಂಬಾಯಿಗೆ ಹೋಗೋವಾಗ ಮೂರು ಗಂಟೆ ಒಬ್ಬನೇ ಹಾರಿಸ್ತಾ ಕೂತಿರ್ತೀನಿ. ಮಧ್ಯೆ ಎದ್ದು ಹೋಗೋಕೆ ಆಗಲ್ಲ. ಇದನ್ನ ಸಭ್ಯವಾಗಿ ಹೇಗೆ ಬರೀತೀಯ ನೋಡೋಣ.” ನಾನು ಬರೆದುದನ್ನು ಓದಿ ಅವರು ನಕ್ಕದ್ದು ಆಚೆ ಇದ್ದ ಅಪ್ಪನಿಗೂ ಕೇಳಿತು.

ಅಪ್ಪ ಹತ್ತಿರ ಬಂದು ಕೋಲೂರಿ ನಿಂತ. “ಧಣಿ, ನಂದೂ ಒಂದು ಬರೆಸ್ರಿ. ಅದಕ್ಕೊಂದು ಹಾರನ್ ಇಕ್ಕಾಕೆ ಹೇಳ್ರಿ. ಲಾರಿಗೆ ಇರ್ತೈತಲ್ಲ, ಅಂಥದು. ಕುರಿ ಓಡಿಸಾಕೆ ನಂಗೆ ಕಾಲು ಸಾಲ್ದು.”

“ಬರಿಯಪ್ಪ,” ಎಂದರು ಧಣಿ ನನಗೆ. “ಇದು ಅವರಿಗೆ ಬೇರೆ ಯಾವ ದೇಶದಿಂದಲೂ ಬರಲ್ಲ.”

ಯಾವ ನೆಲದಲ್ಲಿ ಇಳಿಯುತ್ತೀರಿ ಎಂಬ ಪ್ರಶ್ನೆಗೆ ಮಾತ್ರ ನಾನೇ, ಯಾರನ್ನೂ ಕೇಳದೆ ಉತ್ತರ ಬರೆದೆ: ಹುಲ್ಲು ನೆಲ, ಕುರಿಗಳು ಮೇಯ್ದು ಹುಲ್ಲನ್ನು ಗಿಡ್ಡವಾಗಿ ಇಡುತ್ತವೆ. ಆ ವಾಕ್ಯಕ್ಕೆ ಕೆಂಪು ಪೆನ್ಸಿಲ್ ತಾಗಲಿಲ್ಲ. ನಾನು ತಪ್ಪಿಲ್ಲದೆ ಬರೆದ ಮೊದಲ ಇಂಗ್ಲಿಷ್ ವಾಕ್ಯ ಅದು. ಎಷ್ಟು ಸಲ ಓದಿಕೊಂಡೆನೋ.

ಜುಲೈ ನಡುವಿನಲ್ಲಿ ಧಣಿ ಬೊಂಬಾಯಿಗೆ ಹೊರಟರು. “ಐದಾರು ವಾರ ಬರಲ್ಲ. ಆಗಸ್ಟ್ ಕೊನೇ ಶುಕ್ರವಾರ ಬರ್ತೀನಿ. ಆಮೇಲೆ ಈ ಹಾಳೆ ಮುಗಿಸಿ, ಪರೀಕ್ಷೆವರೆಗೂ ನಿನ್ನನ್ನ ಬಿಡಲ್ಲ. ದಿನಕ್ಕೊಂದು ಪುಟ ಬರೆದಿಟ್ಟಿರು,” ಎಂದು ಹೋದರು.

ಅವರು ಹೋದ ಮೂರನೆಯ ದಿನ ಅಪ್ಪ ಹೇಳಿದ, “ಆ ಮನುಷ್ಯ ನಿಂಗೆ ಬಿಟ್ಟಿ ಪಾಠ ಹೇಳ್ತಾನೆ. ನಾವೇನು ಮಾಡಿದ್ವಿ ಅವನಿಗೆ? ನಮ್ತಾವ ಇರದು ಮಂದೆ. ಅವ್ರ ನೆಲಕ್ಕೆ ಮಂದೆ ನಿಲ್ಸಾಣ.”

ಕುರಿ ಸಾಕುವವನು ಯಾರಿಗಾದರೂ ಮಾಡಬಹುದಾದ ದೊಡ್ಡ ಉಪಕಾರ ಅದು. ರಾತ್ರಿ ಹೊಲದಲ್ಲಿ ಗೂಟ ಹೊಡೆದು, ಬಲೆ ಕಟ್ಟಿ, ಮಂದೆಯನ್ನು ಅದರೊಳಗೆ ನಿಲ್ಲಿಸಿದರೆ ಹಿಕ್ಕೆ, ಉಚ್ಚೆ ನೆಲಕ್ಕೆ ಬೀಳುತ್ತದೆ. ಅಂಥ ಗೊಬ್ಬರ ಇನ್ನೊಂದಿಲ್ಲ. ರೈತರು ಬಂದು ಕರೆದು, ಕಾಳು ಕೊಟ್ಟು ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಆ ವರ್ಷ ಹೊಳಲ್ಕೆರೆ ಕಡೆಯವರು ಬಂದು ಕೇಳಿದರೂ ಅಪ್ಪ ಹೋಗಲಿಲ್ಲ. ಚಿಕ್ಕಪ್ಪನ ಮಂದೆಯನ್ನೂ ಕರೆಸಿಕೊಂಡ. ಪ್ರತಿ ಸಂಜೆ ಬಲೆಯನ್ನು ಹತ್ತಾರು ಹೆಜ್ಜೆ ಮುಂದೆ ಸರಿಸಿ, ವಿಮಾನ ಇಳಿಯುವ ತುದಿಯಿಂದ ನಡುವಿನವರೆಗೂ ಇಪ್ಪತ್ತೈದು ದಿನ ಮಂದೆ ನಿಲ್ಲಿಸಿದೆವು. ನಿಲ್ಲಿಸಿದೆವು ಎಂದೇ ಬರೆಯುತ್ತೇನೆ. ಗೂಟ ಹೊಡೆದವನು ನಾನು. ಧಣಿಯ ಋಣ ತೀರಿಸುತ್ತಿದ್ದೇವೆಂದು ಖುಷಿಯಾಗಿಯೇ ಹೊಡೆದೆ. ಆ ನೆಲದಲ್ಲಿ ಬೆಳೆಯುವುದು ಬೆಳೆಯಲ್ಲ, ಹುಲ್ಲು ಎಂಬುದು ಡಿಗ್ರಿ ಓದುವ ನನ್ನ ತಲೆಗೂ ಹೊಳೆಯಲಿಲ್ಲ.

ಆಮೇಲೆ ಮಳೆ ಬಂತು. ನಮ್ಮ ಕಡೆ ಅಪರೂಪಕ್ಕೆ ಬರುವಂಥ, ಬಿಟ್ಟುಬಿಟ್ಟು ಎರಡು ವಾರ ಹಿಡಿದ ಮಳೆ. ಬಯಲಿನ ಉಳಿದ ಕಡೆ ಹುಲ್ಲು ಬೆರಳುದ್ದವಿದ್ದರೆ ಮಂದೆ ನಿಲ್ಲಿಸಿದ ಆ ಪಟ್ಟಿಯಲ್ಲಿ ಮೊಣಕಾಲಿಗೆ ಬಂತು. ಕಪ್ಪು ಹಸಿರು, ಎಳೆಎಳೆಯೂ ದಪ್ಪ. ಅಪ್ಪ ಮೊದಮೊದಲು ಹೆಮ್ಮೆಯಿಂದ ನೋಡಿದ. ಆಮೇಲೆ ಮೇಯಿಸಲು ಕುರಿ ಬಿಟ್ಟ. ಕುರಿಗಳು ಮೂಸಿ ಪಕ್ಕಕ್ಕೆ ಹೋದವು. ತಮ್ಮ ಹಿಕ್ಕೆಯ ವಾಸನೆ ಇರುವ ಹುಲ್ಲಿಗೆ ಅವು ಬಾಯಿ ಹಾಕುವುದಿಲ್ಲ. ಹುಟ್ಟಿದಾಗಿನಿಂದ ಕುರಿಯ ಜೊತೆ ಇದ್ದ ಅಪ್ಪನಿಗೆ ಇದು ತಿಳಿಯದ್ದಲ್ಲ. ಉಪಕಾರದ ಸಂಭ್ರಮದಲ್ಲಿ ಮರೆತಿದ್ದ.

ಆಗ ನಮಗೆ ಹೆದರಿಕೆ ಶುರುವಾಯಿತು. ಅಪ್ಪ, ಚಿಕ್ಕಪ್ಪ, ನಾನು ಕುಡುಗೋಲು ಹಿಡಿದು ನಾಲ್ಕು ದಿನ ಕೊಯ್ದೆವು. ಕೊಯ್ದದ್ದು ಒಂದು ಮೂಲೆ. ಶುಕ್ರವಾರ ಬಂದೇಬಿಟ್ಟಿತು. ಹಿಂದಿನ ದಿನ ದುರ್ಗಕ್ಕೆ ಹೋಗಿ ಅವರ ಬೆಂಗಳೂರಿನ ಮನೆಗೆ ಟ್ರಂಕ್ ಕಾಲ್ ಹಾಕಿ ಮೂರು ಗಂಟೆ ಅಂಚೆ ಕಚೇರಿಯಲ್ಲಿ ಕಾದಿದ್ದೆ. ಲೈನು ಸಿಗಲಿಲ್ಲ.

ಬೆಳಿಗ್ಗೆ ಹತ್ತು ಗಂಟೆಗೆ ವಿಮಾನದ ಸದ್ದು ಕೇಳಿತು. ನಾವು ಮೂವರೂ ಪಟ್ಟಿಯ ಮೇಲೆ ಓಡಿದೆವು. ಅಪ್ಪ ಕಂಬಳಿ ಬೀಸಿದ, ನಾನು ಅಂಗಿ ಬಿಚ್ಚಿ ಬೀಸಿದೆ. ಧಣಿ ಒಂದು ಸುತ್ತು ಹಾಕಿದರು. ಅಷ್ಟು ದಿನ ಆದ ಮೇಲೆ ಬರುತ್ತಿರುವುದಕ್ಕೆ ಸ್ವಾಗತವೆಂದುಕೊಂಡರೋ ಏನೋ, ರೆಕ್ಕೆಗಳನ್ನು ಆಚೆ ಈಚೆ ಓಲಾಡಿಸಿ ತೋರಿಸಿದರು. ಮೇಲಿನಿಂದ ಹಸಿರು ಹಸಿರಾಗಿಯೇ ಕಂಡಿರಬೇಕು. ಎತ್ತರ ತಿಳಿಯುವುದು ಹೇಗೆ? ವಿಮಾನ ತಗ್ಗಿತು. ನಾವು ಪಕ್ಕಕ್ಕೆ ಓಡಲೇಬೇಕಾಯಿತು.

ಚಕ್ರ ಹುಲ್ಲಿಗೆ ತಾಗಿದಾಗ ಮೆತ್ತಗೆ ಸದ್ದಾಯಿತು, ಅಷ್ಟೇ. ಹುಲ್ಲು ಚಕ್ರಕ್ಕೆ ಸುತ್ತಿಕೊಂಡು, ಕೆಳಗಿನ ಮೆದು ಮಣ್ಣಿನಲ್ಲಿ ಅದು ಹೂತು, ವಿಮಾನ ಮುಗ್ಗರಿಸಿ ಮೂಗನ್ನು ನೆಲಕ್ಕೆ ಊರಿತು. ಮುಂದಿನ ಫ್ಯಾನು ಮಣ್ಣು ಬಗೆದು ನಿಂತಿತು. ಒಂದು ರೆಕ್ಕೆಯ ತುದಿ ಮಡಚಿತ್ತು. ನಾವು ತಲುಪುವಷ್ಟರಲ್ಲಿ ಧಣಿ ಬಾಗಿಲು ಒದ್ದು ತೆರೆದು ಕೆಳಗಿಳಿದಿದ್ದರು. ಹಣೆ ಗೀರಿತ್ತು. ಬೇರೇನೂ ಆಗಿರಲಿಲ್ಲ.

ಅವರು ಹುಲ್ಲನ್ನು ಒಂದು ಹಿಡಿ ಕಿತ್ತು ನೋಡಿದರು. “ಇದು ಹೇಗೆ ಇಷ್ಟು ಬೆಳೀತು?”

ಮಳೆ ಎಂದರೆ ನಂಬುತ್ತಿದ್ದರು. ಹಾಗೆ ಹೇಳಿಬಿಡೋಣ ಎಂದು ನನಗನ್ನಿಸಿತು; ಪರೀಕ್ಷೆಗೆ ಐದು ವಾರವಿತ್ತು. ಅಷ್ಟರಲ್ಲಿ ಅಪ್ಪ ಕೋಲು ಕೆಳಗಿಟ್ಟ.

“ನಾನೇ ಧಣಿ. ಮಂದೆ ನಿಲ್ಸಿದ್ದೆ. ನಿಮ್ಗೆ ಒಳ್ಳೇದಾಗ್ಲಿ ಅಂತ.”

ಧಣಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರು ಅಪ್ಪನನ್ನೂ ವಿಮಾನವನ್ನೂ ನೋಡಿ, ಚಕ್ರದ ಪಕ್ಕ ಹುಲ್ಲಿನ ಮೇಲೇ ಕೂತರು. “ಒಳ್ಳೇದು ಮಾಡೋಕೆ ಮುಂಚೆ ಒಂದು ಮಾತು ಕೇಳಬಾರದಿತ್ತೇನಯ್ಯ?” ಎಂದರು. ಬೈದಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತು.

ಒಂದು ವಾರದ ಮೇಲೆ ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಏರಿಸಿದರು. ಹೊಸ ಫ್ಯಾನು ಪರದೇಶದಿಂದ ಬರಬೇಕು, ಅದಕ್ಕೆ ಪರವಾನಗಿ ಬೇಕು, ಅದು ಸಿಗುವುದಿಲ್ಲ. ಧಣಿಗೆ ಇದು ಗೊತ್ತಿತ್ತು. ಅವರು ಇನ್ನು ಬೆಂಗಳೂರಿನಿಂದ ಕಾರಿನಲ್ಲಿ ಹಿರಿಯೂರಿನ ಮೇಲೆ ನೇರ ಹೊಸದುರ್ಗಕ್ಕೆ ಹೋಗುವವರು; ನಮ್ಮ ಬಯಲು ಅವರ ದಾರಿಯಲ್ಲಿರಲಿಲ್ಲ. ಲಾರಿ ಹೊರಡುವ ಮುಂಚೆ ಶೆಡ್ಡಿಗೆ ಬಂದು ಪ್ರಶ್ನೆಗಳ ಹಾಳೆಯ ಕೊನೆಯಲ್ಲಿ ಸಹಿ ಹಾಕಿ ನನ್ನ ಕೈಗಿಟ್ಟರು.

“ಉಳಿದದ್ದು ನೀನೇ ಬರೆದು ಕಳಿಸು. ನನಗೆ ಏನು ಬೇಕು ಅಂತ ನಿನಗೆ ಗೊತ್ತು.”

“ತಪ್ಪಾದ್ರೆ ಸಾರ್?”

“ತಿದ್ದೋಕೆ ನಾನಿಲ್ಲ ಅಂತ ತಿಳಿದು ಬರಿ.”

ಅಪ್ಪ ಮಂದೆ ಹೊಡೆದುಕೊಂಡು ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಕಡೆ ಹೋಗಿಬಿಟ್ಟ. ಹೋಗುವಾಗ ನನ್ನ ಮುಖ ನೋಡಲಿಲ್ಲ. ಬೀಗ ಹಾಕಲು ಯಾರೂ ಬಾರದ್ದರಿಂದ ನಾನು ಶೆಡ್ಡಿನಲ್ಲೇ ಉಳಿದೆ. ಮೊದಲು ಆ ಹಾಳೆ ಮುಗಿಸಿದೆ. ಗಿಡ್ಡ ಹುಲ್ಲಿನ ವಾಕ್ಯವನ್ನು ಹೊಡೆದು ಹಾಕಿ, ಹುಲ್ಲು ಒಮ್ಮೊಮ್ಮೆ ಮೊಣಕಾಲೆತ್ತರ ಬೆಳೆಯುತ್ತದೆ, ಅಂಥ ನೆಲದಲ್ಲೂ ಮುಗ್ಗರಿಸದ ವಿಮಾನ ಬೇಕು ಎಂದು ಬರೆದೆ. ದುರ್ಗದ ಅಂಚೆ ಕಚೇರಿಯಲ್ಲಿ ಹಾಕಿ ಬಂದೆ. ಅವರು ಓದಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆಮೇಲಿನ ಒಂದು ತಿಂಗಳು ಕೆಂಪು ಗೆರೆಗಳ ಹಳೆಯ ಹಾಳೆಗಳೇ ನನಗೆ ಪಾಠ. ಒಂದೊಂದು ತಪ್ಪನ್ನೂ ಹತ್ತು ಸಲ ಸರಿಯಾಗಿ ಬರೆದೆ. ಹೊಸ ಪುಟ ಬರೆದರೆ ಸರಿಯೋ ತಪ್ಪೋ ಹೇಳುವವರಿಲ್ಲ. ಬಾವಿಗಿಳಿದವನು ಮೇಲೆ ಹಗ್ಗ ಹಿಡಿದವನನ್ನು ಕೂಗಿದರೆ ಅಲ್ಲಿ ಯಾರೂ ಇಲ್ಲದಂತೆ. ಅಕ್ಟೋಬರ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ವಿಮಾನವೂ ಇರಲಿಲ್ಲ, ಕುರಿಯೂ ಇರಲಿಲ್ಲ. ಚಿಕ್ಕ ಚಿಕ್ಕ ವಾಕ್ಯ ಬರೆದು, ಗೊತ್ತಿಲ್ಲದ್ದನ್ನು ಬಿಟ್ಟು, ಹೊರಗೆ ಬಂದೆ. ಮೂವತ್ತೈದು ಬಂದರೆ ಪಾಸು. ಮೂವತ್ತೇಳು ಬಂತು. ನಾನು ಇಂದಿಗೂ ಆ ಎರಡು ಹೆಚ್ಚಿನ ಅಂಕಗಳ ಬಗ್ಗೆ ಹೆಮ್ಮೆ ಪಡುತ್ತೇನೆ, ಯಾರು ಬೇಕಾದರೂ ನಗಲಿ.

ಸರ್ಟಿಫಿಕೇಟ್ ಬರಲು ಬೇಸಿಗೆಯಾಯಿತು. ಕಾಲೇಜಿನ ಗುಮಾಸ್ತರು ಸಹಿ ಹಾಕಿಸಿಕೊಂಡು ಕಿಟಕಿಯಿಂದ ಕೊಟ್ಟರು. ಹಟ್ಟಿಗೆ ಹೋಗಲಿಲ್ಲ. ಹೊಸದುರ್ಗದ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಹೋಗಿ ಒಂದು ಶೇಂಗಾ ಹೊಲದಲ್ಲಿ ಅಪ್ಪನ ಮಂದೆ ಹುಡುಕಿದೆ. ಅಪ್ಪ ಕಂಬಳಿ ಹಾಸಿದ. ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ.

“ಧಣಿ ಹಾರಿಸ್ತಾರಾ ಈಗ?” ಎಂದು ಕೇಳಿದ.

“ಇಲ್ಲಪ್ಪ. ಫ್ಯಾನು ಬರ್ಲೇ ಇಲ್ಲಂತೆ.”

ಅಪ್ಪ ಕಾಗದದ ಅಂಚನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದ.

“ಅವರ್ದು ನನ್ನಿಂದ ಕೆಡ್ತು ಕಣಪ್ಪ. ನಿಂದಾದ್ರೂ ಉಳೀತಲ್ಲ.”