ವಿಮಲಮ್ಮನ ಹೆಸರು ಸಿಗದ ಹಕ್ಕಿ

ಶ್ರೀಕಂಠ ಅಂಕಲ್ ಮನೆಯಲ್ಲಿ ಚೀಟಿ ಇಲ್ಲದ ವಸ್ತುವೇ ಇರಲಿಲ್ಲ. ಹುಣಸೆಹಣ್ಣಿನ ಡಬ್ಬ, ಕೊಡೆ, ಕೊನೆಗೆ ಟಿವಿ ರಿಮೋಟಿಗೂ ಬಿಳಿ ದಾರದಲ್ಲಿ ಒಂದು ಪುಟ್ಟ ಚೀಟಿ ಕಟ್ಟಿರುತ್ತಿದ್ದರು. ಅದರಲ್ಲಿ ವಸ್ತುವಿನ ಹೆಸರು ಇರುತ್ತಿರಲಿಲ್ಲ. ಎಲ್ಲಿಂದ ಬಂತು, ಯಾವತ್ತು ಬಂತು, ಅಷ್ಟೇ. “ಏನು ಅನ್ನೋದು ನೋಡಿದ್ರೆ ಗೊತ್ತಾಗುತ್ತೆ ಕಣಯ್ಯ. ಎಲ್ಲೀದು ಅಂತ ಬರೀದೆ ಹೋದ್ರೆ ಅದು ಬರೀ ಕಸ,” ಅನ್ನುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು 2013ರಲ್ಲಿ, ಅಡಿಲೇಡಿನ ಪ್ರಾಸ್ಪೆಕ್ಟ್ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ. ತೊಗರಿಬೇಳೆ ಎಲ್ಲಿಯದು ಅಂತ ಅಂಗಡಿಯವನನ್ನು ಪೀಡಿಸುತ್ತಿದ್ದರು. ಅವನು ಸಾಕಾಗಿ, ಮೆಲ್ಬರ್ನಿನ ಗೋದಾಮಿನದು ಅಂದ. “ಗೋದಾಮಿನಲ್ಲಿ ಬೇಳೆ ಬೆಳೆಯುತ್ತೇನಪ್ಪ?” ಅಂತ ಕನ್ನಡದಲ್ಲೇ ಗೊಣಗಿದರು. ನನಗೆ ನಗು ತಡೆಯಲಾಗಲಿಲ್ಲ. ಮೈಸೂರಿನವನಾ ಅಂತ ಕೇಳಿ, ಆ ಭಾನುವಾರವೇ ಊಟಕ್ಕೆ ಕರೆದರು.

ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ನೋಡುವ ಡಾಕ್ಟರಾಗಿದ್ದವರು. ಹೆಂಡತಿ ವಿಮಲಮ್ಮ ತೀರಿಕೊಂಡ ಮೇಲೆ ನಾರ್ತ್ ಲೇಕ್ಸಿನ ಮನೆ ಖಾಲಿ ಮಾಡಿ ಒಬ್ಬರೇ ಇಲ್ಲಿಗೆ ಬಂದಿದ್ದರು. ಎಕ್ಸ್‌ರೇ ಹೊಟ್ಟೆಪಾಡಿಗೆ, ಪ್ರಾಣ ಇದ್ದದ್ದು ಮಾತ್ರ ಒಂದು ಹಕ್ಕಿಯ ಮೇಲೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಾಡಿನಲ್ಲಿ ನೆಲದ ಮೇಲೆ ಕುಪ್ಪಳಿಸುವ, ಬಾಲ ಮರೆತು ಹುಟ್ಟಿದ ಹಾಗಿರುವ ಕಂದು ಹಕ್ಕಿ, ಆಂಟ್‌ಪಿಟ್ಟಾ. ಸಿಕ್ಕ ರಜೆಯಲ್ಲೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಅವರು ಹಕ್ಕಿಯ ದನಿ ರೆಕಾರ್ಡ್ ಮಾಡುವ ತನಕ ವಿಮಲಮ್ಮ ಕೆಸರಿನಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದರಂತೆ.

ಲೋಕವೆಲ್ಲ ಅದನ್ನು ಒಂದೇ ಪ್ರಭೇದ ಅನ್ನುತ್ತಿತ್ತು. ಬೆಟ್ಟಸಾಲಿನ ಪೂರ್ವದ ಇಳಿಜಾರಿನದು ಬೇರೆ, ಪಶ್ಚಿಮದ್ದು ಬೇರೆ ಅಂತ ಅಂಕಲ್ ವಾದ. ಪಶ್ಚಿಮದ ಕಾಡು ಕಡಿದು ದನದ ಹುಲ್ಲುಗಾವಲಾಗಿತ್ತು, ಅಲ್ಲಿ ಅವರಿಗೆ ಒಂದು ಹಕ್ಕಿಯೂ ಸಿಕ್ಕಿರಲಿಲ್ಲ. ಇದ್ದ ಸಾಕ್ಷಿ ಒಂದೇ: ದೂರದ ಮ್ಯೂಸಿಯಮ್ಮಿನಲ್ಲಿ ಯಾವುದೋ ಕಾಲದಲ್ಲಿ ಹತ್ತಿ ತುಂಬಿಟ್ಟ ಆರು ಹಕ್ಕಿಗಳು. ಆರರ ಎದೆಯೂ ಬಿಳಿಚು, ಆರರ ಕಾಲಿನ ಚೀಟಿಯಲ್ಲೂ ಪಶ್ಚಿಮದ ಒಂದೇ ಊರಿನ ಹೆಸರು. ಹೊಸ ಪ್ರಭೇದ ಅಂತ ಸಾಧಿಸಿದರೆ ಹೆಸರಿಡುವ ಹಕ್ಕು ಅವರದು. ವಿಮಲಮ್ಮನ ಹೆಸರಿಡುತ್ತೇನೆ ಅಂತ ಆಕೆಯ ಕೊನೇ ದಿನಗಳಲ್ಲಿ ಮಾತು ಕೊಟ್ಟಿದ್ದರು.

ನಾನು ಮಾಸನ್ ಲೇಕ್ಸಿನ ಒಂದು ಕಂಪನಿಯಲ್ಲಿ ಡೇಟಾಬೇಸ್ ಕೆಲಸದವನು. ಶನಿವಾರಗಳಂದು ಅವರಿಗೆ ಹಕ್ಕಿ ಸಿಕ್ಕ ಜಾಗಗಳ ನಕ್ಷೆ ಮಾಡಿಕೊಡುತ್ತಿದ್ದೆ. ಹೊಸ ಪ್ರಭೇದದ ಬಗ್ಗೆ ಅವರು ಬರೆದ ಲೇಖನ ಆ ಸೋಮವಾರ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ, ಹಾಗಾಯಿತು ನನ್ನ ಕಥೆ. ಮ್ಯೂಸಿಯಮ್ಮಿಗೆ ಆ ಆರು ಹಕ್ಕಿ ಕಳಿಸಿದವನು ಇನ್ನೇನೇನು ಕಳಿಸಿದ್ದ ಅಂತ ಇಡೀ ಪಟ್ಟಿ ತೆಗೆದೆ. ಅದೇ ಊರಿನ ಹೆಸರಲ್ಲಿ ಕಡಲ ತೀರದ ಹಕ್ಕಿಯೂ ಇತ್ತು, ಹಿಮದ ಅಂಚಿನ ಹಕ್ಕಿಯೂ ಇತ್ತು. ಒಂದೇ ಊರಿನಲ್ಲಿ ಇವೆರಡೂ ಹೇಗೆ ಸಿಗುತ್ತವೆ? ಆತ ವ್ಯಾಪಾರಿ. ಬೇಟೆಗಾರರು ಎಲ್ಲೆಲ್ಲಿಂದಲೋ ತಂದದ್ದನ್ನು ಕೊಂಡು, ಎಲ್ಲದಕ್ಕೂ ತನ್ನ ಅಂಗಡಿಯ ಊರು ಬರೆದಿದ್ದ. ಅದನ್ನು ಅಂಕಲ್‌ಗೆ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿದರು. ಆ ಆರನ್ನು ತೆಗೆದರೆ ಉಳಿಯುವುದು, ಉತ್ತರದಿಂದ ದಕ್ಷಿಣಕ್ಕೆ ಹೋದ ಹಾಗೆ ಬಣ್ಣ ಮೆಲ್ಲಗೆ ತೆಳುವಾಗುವ ಒಂದೇ ಹಕ್ಕಿ. ಇದು ಬೇರೆ, ಅದು ಬೇರೆ ಅಂತ ಗೆರೆ ಎಳೆಯಲು ಜಾಗವೇ ಇರಲಿಲ್ಲ. “ಬೇಳೆ ಅಂಗಡಿಯವನನ್ನ ಬೈದೆನಲ್ಲೋ. ಇಪ್ಪತ್ತು ವರ್ಷ ನಾನೂ ಗೋದಾಮಿನ ವಿಳಾಸಾನೇ ಓದ್ತಾ ಕೂತಿದ್ದೀನಿ,” ಅಂದರು. ಯಾರು ಹುಡುಕಿ ನೋಡ್ತಾರೆ ಅಂಕಲ್, ಕಳಿಸಿಬಿಡಿ ಅಂದೆ. ನನ್ನನ್ನೇ ನೋಡಿದರು.

“ವಿಮಲನ ಹೆಸರಿನ ಮುಂದೆ ಸುಳ್ಳು ಊರು ಬರೀಲೇನೋ?”

ಮುಂದಿನ ಶನಿವಾರ ಹೋದಾಗ ಮನೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ದಾರಗಳನ್ನೆಲ್ಲ ಕತ್ತರಿಸಿ, ಫೈಲುಗಳ ಸಮೇತ ರದ್ದಿ ಕಾಗದದ ಹಳದಿ ಮುಚ್ಚಳದ ಕಸದ ತೊಟ್ಟಿಗೆ ಹಾಕಿದ್ದರು. ಅಡುಗೆ ಮಾಡುವುದನ್ನೂ ಬಿಟ್ಟರು. ಮಗಳು ಬಂದು ಪರ್ತ್‌ಗೆ ಕರೆದುಕೊಂಡು ಹೋದಳು.

ಎರಡು ವರ್ಷದ ಮೇಲೆ ಪರ್ತ್‌ನಲ್ಲಿ ನೋಡಿದೆ. ಅರ್ಧ ಆಳಾಗಿದ್ದರು. ಖುಷಿಯಾಗಲಿ ಅಂತ ನಾನು ಒಯ್ದ ಚಟ್ನಿಪುಡಿ ಡಬ್ಬಕ್ಕೆ ಬಿಳಿ ದಾರದಲ್ಲಿ ಚೀಟಿ ಕಟ್ಟಿ, ಪ್ರಾಸ್ಪೆಕ್ಟ್ ರಸ್ತೆ, ಅಡಿಲೇಡ್ ಅಂತ ಬರೆದಿದ್ದೆ. ಓದಿದರು. “ಇದು ಕೊಂಡ ಜಾಗ,” ಅಂದು ದಾರ ಕಿತ್ತು, ಚೀಟಿಯನ್ನು ನನ್ನ ಜೇಬಿಗೆ ತುರುಕಿದರು. ತಪ್ಪಾಯ್ತು ಅಂಕಲ್, ಅವತ್ತು ನಾನು ಆ ಪಟ್ಟಿ ತೆಗೀಬಾರ್ದಿತ್ತು ಅಂದೆ. ಹೊರಡುವಾಗ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದರು.

“ಅವತ್ತು ನೀನು ಹೇಳಿದ್ದು ಸರಿ ಕಣಯ್ಯ. ಆದ್ರೆ ಅದನ್ನ ಹೇಳೋಕೆ ನೀನು, ನಾನು ಸಾಯೋ ತನಕ ಕಾಯಬಹುದಾಗಿತ್ತು.”

ನಾಲ್ಕು ತಿಂಗಳಿಗೆ ಮಗಳ ಫೋನು ಬಂತು, ಅಪ್ಪ ಹೋಗಿಬಿಟ್ಟರು ಅಂತ. ಆ ಹಕ್ಕಿ ಇವತ್ತಿಗೂ ಪಟ್ಟಿಯಲ್ಲಿ ಒಂದೇ ಪ್ರಭೇದವಾಗಿ, ಹಳೇ ಹೆಸರಿನಲ್ಲೇ ಇದೆ.