ಹುಲ್ಲು ಬೆಳೆಯುವ ಆರ್ಲೋ

ಕೂಸಿನ ಹಾಲಿನ ಪುಡಿಗೆ ಬಾವಿ ನೀರು ಬೆರೆಸುವಾಗಲೆಲ್ಲ ನನಗೆ ಒಂದೇ ದಿಗಿಲು: ಬಾವಿಯ ಮೇಲಿನ ಇಳಿಜಾರನ್ನು ಪಕ್ಕದ ಜಮೀನಿನ ಮುದುಕ ಆರ್ಲೋ ಡೆಕ್ಕರ್ ಮತ್ತೆ ಉತ್ತುಬಿಟ್ಟರೆ? ಹಿಂದೆ ಅಲ್ಲಿ ಮೆಕ್ಕೆಜೋಳವಿದ್ದಾಗ ಗೊಬ್ಬರವೆಲ್ಲ ನೀರಿಗಿಳಿದು, ಆ ನೀರನ್ನು ಮಕ್ಕಳಿಗೆ ಕುಡಿಸಬೇಡಿ ಎಂದು ಆರೋಗ್ಯ ಇಲಾಖೆಯವರು ಹೇಳಿದ್ದರಂತೆ. ಮಣ್ಣು, ನೀರು, ಹಕ್ಕಿ ಉಳಿಯಲೆಂದು ಹೊಲ ಉಳದೆ ಹುಲ್ಲು ಬಿಟ್ಟದ್ದಕ್ಕೆ ಸರ್ಕಾರದಿಂದ ದುಡ್ಡು ಪಡೆಯುವ ಜಮೀನುದಾರರು ನಮ್ಮ ಅಯೋವಾದಲ್ಲಿ ಬೇಕಾದಷ್ಟಿದ್ದಾರೆ; ಆರ್ಲೋ ಅವರ ಗತ್ತು ಮಾತ್ರ ಯಾರಿಗೂ ಇಲ್ಲ. ಕಾಫಿ ಅಂಗಡಿಯಲ್ಲಿ ಯಾರಾದರೂ “ಏನಪ್ಪಾ, ಸುಮ್ನೆ ಕೂತಿದ್ದಕ್ಕೆ ಸಂಬಳ ಬಂತಾ?” ಎಂದು ಕೆಣಕಿದರೆ, “ಬಂತು. ನೀನು ದುಡಿದಿದ್ದಕ್ಕೆ ಬಂತಾ?” ಎಂದು ಹಣ್ಣಿನ ಪೈ ತುಂಡನ್ನು ಬಾಯಿಗಿಡುತ್ತಾರೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಆ ಹುಲ್ಲು ಕೊಯ್ಯುವಂತಿಲ್ಲ. ಎದೆಮಟ್ಟ ಬೆಳೆದದ್ದನ್ನು ಕಣ್ಣಲ್ಲಿ ನೋಡಲಾಗದೆ ನೆರೆಯವರು ಉಪಕಾರವೆಂದು ಕೊಯ್ಯುವ ಯಂತ್ರ ತಂದರೆ, ಇವರು ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ಕೂತವರು, “ಒಳಗೆ ಬಾಣಂತಿಯರಿದಾರೆ ಮಾರಾಯ, ಆಗಸ್ಟ್‌ನಲ್ಲಿ ಬಾ” ಎಂದು ವಾಪಸು ಅಟ್ಟುತ್ತಾರೆ. ಈ ವರ್ಷ ಸರ್ಕಾರದ ಜೊತೆಗಿನ ಅವರ ಕರಾರು ಮುಗಿಯಿತು, ಮೆಕ್ಕೆಜೋಳದ ಬೆಲೆಯೂ ಏರಿತು. ಈ ಸಲ ಮುದುಕ ಉಳುವುದು ಖಂಡಿತ ಎಂದು ಊರೆಲ್ಲ ಆಡಿಕೊಂಡಿತು. ಕೇಳಲೋ ಬೇಡವೋ ಎಂದು ವಾರವಿಡೀ ಒದ್ದಾಡಿ, ಕೊನೆಗೆ ಫೋನ್ ಮಾಡಿದೆ. “ಆರ್ಲೋ ಅವರೇ, ಇಳಿಜಾರು ಉಳ್ತೀರಾ?” “ಮತ್ತೆ ಹತ್ತು ವರ್ಷಕ್ಕೆ ರುಜು ಹಾಕಿ ಬಂದೆ ಕಣಮ್ಮಾ,” ಎಂದರು. ನನಗೆ ಕೂಸನ್ನೆತ್ತಿಕೊಂಡು ಕುಣಿಯಬೇಕೆನ್ನಿಸಿತು. ಅವರು ದನಿ ತಗ್ಗಿಸಿದರು: “ನಿಮ್ಮ ಬಾವಿ ಪಕ್ಕದ ನೆಲದ ಪಟ್ಟಿಗೆ ಸರ್ಕಾರ ಏನೂ ಕೊಡಲ್ಲವಂತೆ. ಅಲ್ಲಿಗೂ ನಾನೇ ಹುಲ್ಲಿನ ಬೀಜ ಎರಚಿದೀನಿ. ಯಾರಿಗೂ ಹೇಳ್ಬೇಡ ತಾಯಿ, ಪುಕ್ಕಟೆ ಕೆಲಸ ಮಾಡ್ದೆ ಅಂತ ಗೊತ್ತಾದ್ರೆ ನನ್ನ ಮರ್ಯಾದೆ ಹೋಗುತ್ತೆ.”