ಆಗದವರ ತೋಟದ ಸೊಪ್ಪು

ಸುಗಟೂರಿನ ನಮ್ಮ ಹಿತ್ತಿಲಿನ ಮೋಟುಗೋಡೆಯ ಆಚೆ ಗೌರಿ ಎಂಬ ಹಸುವಿತ್ತು. ಊರಿನಲ್ಲಿ ಅದಕ್ಕೆ ತಿಳಿದಷ್ಟು ಸುದ್ದಿ ಮನುಷ್ಯರಿಗೂ ತಿಳಿದಿರಲಿಲ್ಲ, ಏಕೆಂದರೆ ಎರಡು ಮನೆಗಳ ನಡುವಿನ ಮಾತೆಲ್ಲ ಅದರ ಕಿವಿಯ ಮೂಲಕವೇ ದಾಟಬೇಕಿತ್ತು. ಗೋಡೆಯ ಈಚೆ ನಮ್ಮತ್ತೆ. ಆಚೆ ಅವರ ಓರಗಿತ್ತಿ, ಎಂದರೆ ನನಗೆ ಚಿಕ್ಕತ್ತೆ. ಅಣ್ಣತಮ್ಮಂದಿರು ಪಾಲಾದಾಗ ಬಾವಿ ನೀರಿನ ಸರದಿಗೆ ಜಗಳವಾಗಿ ಎರಡು ಮನೆಗೂ ಮಾತು ಬಿಟ್ಟುಹೋಗಿತ್ತು. ಆದರೆ ಮಾತು ಬಿಟ್ಟವರಿಗೂ ಹೇಳುವುದೇನಾದರೂ ಇದ್ದೇ ಇರುತ್ತದಲ್ಲ? ಚಿಕ್ಕತ್ತೆ ಗೌರಿಯ ಮೈ ತಿಕ್ಕುತ್ತ, "ನಾಳೆ ಕರೆಂಟು ಬೆಳಿಗ್ಗೇನೇ ಬರ್ತದಂತೆ ಕಣೇ" ಎನ್ನುವರು. ನಮ್ಮತ್ತೆ ಒರಳುಕಲ್ಲಿನ ಮುಖ ನೋಡಿಕೊಂಡು, "ಗೊತ್ತೈತೆ" ಎನ್ನುವರು. ಎಪ್ಪತ್ತರ ದಶಕದ ಕೊನೆಯಲ್ಲಿ ನಂಗಲಿಯ ಕಡೆಯಿಂದ ಸೊಸೆಯಾಗಿ ಬಂದ ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಹಗೆತನಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ. 'ಶತ್ರು' ಎನ್ನಬೇಕಾದರೆ ಒಂದು ಕೋಟೆಯಾದರೂ ಬೇಕು. 'ವೈರಿ' ಎನ್ನಲು ಹರಿಕಥೆ ದಾಸರ ಗಂಟಲು ಬೇಕು. 'ಪ್ರತಿಸ್ಪರ್ಧಿ' ಚುನಾವಣೆಯ ಕಾಲಕ್ಕೆ ರೇಡಿಯೋದಿಂದ ಇಳಿದುಬಂದು, ಮುಗಿದೊಡನೆ ವಾಪಸು ಹತ್ತಿಕೊಳ್ಳುವ ಪದ. 'ದಾಯಾದಿ' ಎಂದರೆ ವಕೀಲರ ಖರ್ಚು. ಅಡುಗೆಮನೆಯ ದಿನಬಳಕೆಗೆ ಒದಗುವುದು 'ಆಗದವರು' ಒಂದೇ. ನನ್ನ ತೌರಿನ ತೆಲುಗಿನಲ್ಲಿ 'ಗಿಟ್ಟನೋಳ್ಳು' ಎಂಬ ಇದರ ಒಡಹುಟ್ಟಿದ ಅಕ್ಕನೇ ಇದ್ದುದರಿಂದ ನಾಲಿಗೆಗೆ ಬೇಗ ಹತ್ತಿಕೊಂಡಿತು. ಎಷ್ಟು ಸಭ್ಯವಾದ ಪದ ನೋಡಿ. ಬೈಗುಳವಿಲ್ಲ, ದೂರಿಲ್ಲ, ಯಾರಿಗೆ ಯಾರು ಏಕೆ ಆಗುವುದಿಲ್ಲ ಎಂಬ ವಿವರಣೆಯೂ ಇಲ್ಲ. ಹೆಸರನ್ನೂ ನಂಟನ್ನೂ ಸದ್ದಿಲ್ಲದೆ ತೆಗೆದುಬಿಡುತ್ತದೆ, ಅಷ್ಟೇ. ನಮ್ಮ ಮನೆಯಲ್ಲಿ ಹಾಲು ಒಡೆದರೆ ಆಗದವರ ಕಣ್ಣು, ಮಗು ಅತ್ತರೆ ಆಗದವರ ಕಣ್ಣು, ಆಚೆಮನೆಯಲ್ಲಿ ಯಾರಾದರೂ ನಕ್ಕರೆ ಅದು ನಮ್ಮನ್ನು ಕುರಿತೇ.

ಒಂದು ಬೇಸಿಗೆಯಲ್ಲಿ ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಬಿಡಲು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದವು ಗೂಡು ಕಟ್ಟುವವರೆಗೂ ಹಗಲಿರುಳು ತಿನ್ನುತ್ತವೆ, ಆಗ ಸೊಪ್ಪು ತಪ್ಪಿದರೆ ಬೆಳೆಯೇ ಕೈಬಿಟ್ಟಂತೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಮೋಟರು ಸುಟ್ಟು ಕೋಲಾರದ ರಿಪೇರಿ ಅಂಗಡಿಯಲ್ಲಿ ಕುಳಿತಿತ್ತು, ಹಿಪ್ಪುನೇರಳೆ ಒಣಗಿಹೋಗಿತ್ತು. ಬರಿದಾದ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಎಲೆ ಹುಡುಕುತ್ತಿದ್ದವು. ಅತ್ತೆ ಅದನ್ನು ನೋಡಲಾರದೆ ಹಿತ್ತಿಲಿಗೆ ಬಂದು ಕೂತರು. ಆ ಸಲ ಹುಳು ಸಾಕದ ಚಿಕ್ಕತ್ತೆಯ ತೋಟ ಮಾತ್ರ ಹಚ್ಚಗಿತ್ತು, ಆದರೆ ಕೇಳುವ ಬಾಯಿ ನಮಗೆಲ್ಲಿತ್ತು?

ಆಗ ಗೋಡೆಯಾಚೆಯಿಂದ ಚಿಕ್ಕತ್ತೆಯ ದನಿ ಬಂತು. "ಏ ಗೌರಿ, ನಮ್ ತೋಟದಾಗೆ ಸೊಪ್ಪು ಸುಮ್ನೆ ಬಲ್ತು ಹೋಗ್ತೈತೆ. ಬೇಕಾದೋರು ಕೊಯ್ಕೊಂಡೋಗ್ಲಿ. ನಮ್ ಜಗಳ ಹುಳಕ್ಕೇನ್ ಗೊತ್ತು ಪಾಪ."

ಅತ್ತೆ ಒರಳಿನ ಬಳಿಯಿಂದ ಎದ್ದು ಒಳಗೆ ಹೋದರು. ಕುಡುಗೋಲು ತಂದು ನನ್ನ ಮುಂದಿಟ್ಟರು.

ನಾನು ಹೋಗಿ ಕೊಯ್ಯತೊಡಗಿದರೆ ಚಿಕ್ಕತ್ತೆಯೂ ಪಕ್ಕದ ಸಾಲಿಗೆ ಬಂದು, ನನ್ನತ್ತ ನೋಡದೆ, ತಾವೂ ಕೊಯ್ದು ನನ್ನ ಹೊರೆಗೆ ಹಾಕುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಈ ಸಲ ನೀವು ಹುಳ ಇಟ್ಟಿಲ್ವಲ್ಲಕ್ಕ, ಸೊಪ್ಪು ಯಾರಿಗೆ?" ಎಂದಳು.

"ನಮ್ಮೋರ್ಗೆ ಕಣಮ್ಮ" ಎಂದರು ಚಿಕ್ಕತ್ತೆ, ಕೈ ನಿಲ್ಲಿಸದೆ.

ಬಗ್ಗಿದ್ದ ನಾನು ತಲೆ ಎತ್ತಲಿಲ್ಲ. ಸೊಪ್ಪು ಯಾರದೆಂದು ನನ್ನನ್ನು ಕೇಳಿದ್ದರೆ ಯಾವ ಪದ ಬಾಯಿಗೆ ಬರುತ್ತಿತ್ತೆಂದು ನನಗೆ ಗೊತ್ತಿತ್ತು. ಅದು ಆಗಲೇ ನಾಲಿಗೆಯ ತುದಿಯಲ್ಲಿ ಕೂತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಆಚೆಮನೆಯಲ್ಲೂ ನಮ್ಮನ್ನು ಹೀಗೆಯೇ ನಂಟಿನಿಂದ ತೆಗೆದುಹಾಕಿರುತ್ತಾರೆಂದು ನಂಬಿಕೊಂಡೇ ನಾವು ನೆಮ್ಮದಿಯಾಗಿದ್ದೆವು. ಅವರು ನಮ್ಮನ್ನು ಇದ್ದಲ್ಲೇ ಇಟ್ಟುಕೊಂಡಿದ್ದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ತಟ್ಟೆಗೆ ಸೊಪ್ಪು ಹರಡುತ್ತಿದ್ದ ಅವರ ಕೈ ನಿಂತಿತು. "ಹಂಗಂದ್ಲಾ?" ಎಂದರು. ಕೊನೆಯ ತಟ್ಟೆಗೂ ಸೊಪ್ಪು ಹರಡಿ, ಆಮೇಲೆ ನನ್ನ ಕೈ ಹಿಡಿದುಕೊಂಡು ಹಿತ್ತಿಲಿಗೆ ನಡೆದರು. "ನಂಗೆ ಬಾಯೇ ಬರಲ್ಲ ಕಣೇ. ನೀನಾದ್ರೂ ಕರಿ."

ಮೋಟುಗೋಡೆಯ ಆಚೆ ಚಿಕ್ಕತ್ತೆ ಗೌರಿಗೆ ಹುಲ್ಲು ಹಾಕುತ್ತಿದ್ದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ನಾನು, "ಚಿಕ್ಕತ್ತೆ" ಎಂದೆ.

ಅವರು ತಲೆಯೆತ್ತಿ ಅತ್ತಿತ್ತ ನೋಡಿದರು. ಕಣ್ಣು ನನ್ನ ಮೇಲೆ ಬಂದದ್ದು, ನಿಲ್ಲಲು ಧೈರ್ಯವಿಲ್ಲದೆ ಸರಿದುಹೋಯಿತು. ಮತ್ತೆ ಹಸುವಿನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ನನ್ನೇನೇ ಗೌರಿ, ಕರ್ದಿದ್ದು?"

ಗೌರಿ ಹುಲ್ಲು ತಿನ್ನುತ್ತಲೇ ಇತ್ತು. ಉತ್ತರ ಹೇಳಬೇಕಾದವರು ಇಬ್ಬರು ಗೋಡೆಯ ಈಚೆ ತಲೆ ತಗ್ಗಿಸಿ ನಿಂತಿದ್ದೆವು.